ಗಂಜಿ ಹರಿದ ದಾರಿ

ಪಕ್ಕದ ಮನೆಯವರು ಅನ್ನ ಬಸಿದ ಗಂಜಿಯನ್ನು ಹೊರಗೆ ಚೆಲ್ಲಿದರು. ನಾನು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಮೊದಲು ವಾಸನೆ ಬಂತು. ಇಲ್ಲಿಯವರು ಉಣ್ಣುವ ಮಟ್ಟ ಅಕ್ಕಿ, ಆ ದಪ್ಪ ಕೆಂಪು ಕುಸುಬಲಕ್ಕಿ, ಬೆಂದ ನೀರಿಗೆ ಅದರದೇ ಒಂದು ವಾಸನೆ ಇದೆ. ಒಣಹುಲ್ಲು ನೆನೆದ ಹಾಗೆ, ಬಿಸಿ ಮಣ್ಣಿಗೆ ನೀರು ಬಿದ್ದ ಹಾಗೆ... ಎರಡೂ ಸರಿಯಾದ ಹೋಲಿಕೆಯಲ್ಲ. ಆಮೇಲೆ ನೀರು ಕಾಣಿಸಿತು. ಪೂರ್ತಿ ಬಿಳಿಯಲ್ಲ, ತುಸು ಕೆಂಪು ಬೆರೆತ ಬಿಳುಪು. ಬೇಲಿಯ ಬುಡದಿಂದ ನುಸುಳಿ, ನಮ್ಮ ಕಲ್ಲುಗಳ ನಡುವೆ ದಾರಿ ಹುಡುಕುತ್ತಾ ಬಂತು. ಕೈಯಲ್ಲಿದ್ದ ಅಂಗಿಯನ್ನು ತಂತಿಗೆ ಹಾಕುವುದನ್ನು ಮರೆತು, ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾ ನಿಂತೆ.

ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಅಭ್ಯಾಸ ನನಗೆ ಕೊಚ್ಚಿಯಲ್ಲಿ ಬಂತು. ಬರಲು ಕಾರಣ ಒಬ್ಬ ಹೆಂಗಸು. ಅವರನ್ನು ನಾವೆಲ್ಲ ಚೇಚಿ ಎನ್ನುತ್ತಿದ್ದೆವು. ಮಲಯಾಳಂನಲ್ಲಿ ಅಕ್ಕ ಎಂದರ್ಥ. ಅವರಿಗೊಂದು ಹೆಸರಿದೆ ಎಂಬುದೇ ನಮ್ಮ ತಲೆಗೆ ಬಂದಿರಲಿಲ್ಲ.

ತುಮಕೂರಿನಿಂದ ಹೋಗಿ ಎಡಪ್ಪಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಆಫೀಸು ಮುಖ್ಯರಸ್ತೆಯಲ್ಲಿತ್ತು, ನನ್ನ ಬಾಡಿಗೆ ಕೋಣೆ ಒಳಗಿನ ಓಣಿಯೊಂದರಲ್ಲಿ. ಅದೇ ಓಣಿಯ ನಡುವೆ ಚೇಚಿಯ ಮನೆ. ಗೇಟಿಗೆ ‘ಊಣ್ ರೆಡಿ’ ಎಂಬ ಬೋರ್ಡನ್ನು ತಂತಿಯಲ್ಲಿ ಕಟ್ಟಿದ್ದರು. ಊಟ ಸಿದ್ಧ ಎಂದು ಅದರರ್ಥ ಎಂದು ಹೇಳಿಕೊಟ್ಟವಳು ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಾಸರಗೋಡಿನ ಗೆಳತಿ. ಮಲಯಾಳಂ ಅವಳಿಗೆ ಕನ್ನಡದಷ್ಟೇ ಸಲೀಸು. ಮೊದಲ ತಿಂಗಳುಗಳಲ್ಲಿ ಚೇಚಿ ಹೇಳಿದ್ದನ್ನು ಅವಳು ನನಗೆ ಹೇಳುತ್ತಿದ್ದಳು. ಆಮೇಲೆ ನನಗೇ ಅರ್ಥವಾಗತೊಡಗಿತು. ಈಗ ಚೇಚಿಯ ಮಾತು ನೆನಪಾಗುವುದು ಕನ್ನಡದಲ್ಲೇ.

ಮನೆಯ ಮುಂದಿನ ಜಗಲಿಯಲ್ಲಿ ಎರಡು ಮೇಜು. ಅಲ್ಲಿ ಜಾಗ ಸಿಗದವರು ಓಣಿಯ ಆಚೆ ಬದಿಗೆ ಹೋಗಿ ಬೆಂಚಿನ ಮೇಲೆ ಕೂತು ಉಣ್ಣಬೇಕು. ಆಚೆ ಬದಿಯಲ್ಲಿ ಒಂದು ಹಳೆಯ ಮರದ ಮಿಲ್ಲಿನ ಉದ್ದನೆಯ ಗೋಡೆ ಇತ್ತು, ಗೋಡೆಯ ಪಕ್ಕ ಒಂದು ಬಾದಾಮಿ ಮರ. ಬೆಂಚು ಆ ಮಿಲ್ಲಿನವರೇ ಕೊಟ್ಟ ದಪ್ಪ ಹಲಗೆಯದು. ಜಗಲಿಯಲ್ಲಿ ಜಾಗವಿದ್ದರೂ ನಾನು ಬೆಂಚಿಗೇ ಹೋಗುತ್ತಿದ್ದೆ. ಗೋಡೆಗೆ ಬೆನ್ನು ಕೊಟ್ಟು, ಮರದ ಬುಡದ ಕಡೆಯ ತುದಿಯಲ್ಲಿ ಕೂತರೆ ಗಾಳಿ ಬರುತ್ತಿತ್ತು. ‘ಅದು ಮೋಳ ಜಾಗ’ ಎಂದು ಚೇಚಿ ಬೇರೆಯವರನ್ನು ಎಬ್ಬಿಸುತ್ತಿದ್ದುದೂ ಉಂಟು. ಮೋಳೇ ಎಂದರೆ ಮಗಳೇ. ಅವರಿಗೆ ಎಲ್ಲ ಹುಡುಗಿಯರೂ ಮೋಳೇ. ಆದರೂ ನನ್ನನ್ನು ಕರೆಯುವಾಗ ಅದರಲ್ಲಿ ಏನೋ ಬೇರೆ ಇತ್ತು ಎಂದು ನಾನು ನಂಬಿದ್ದೆ...

ಬಡಿಸುವುದಕ್ಕೆ ಮೊದಲು ಬಾಳೆಲೆಯನ್ನು ಉರಿಯ ಮೇಲೆ ಒಮ್ಮೆ ಆಡಿಸಿ ಬಾಡಿಸುತ್ತಿದ್ದರು. ಅವರ ಗಂಡನಿಗೆ ಒಂದು ಕಾಲು ಸರಿಯಿರಲಿಲ್ಲ. ಕೂತಲ್ಲೇ ತರಕಾರಿ ಹೆಚ್ಚುತ್ತಿದ್ದರು, ಮಾತು ಕಡಿಮೆ. ಮಧ್ಯಾಹ್ನದ ಎರಡನೆಯ ಪಾತ್ರೆ ಅನ್ನ ಇಳಿದ ಮೇಲೆ ಚೇಚಿ ಬಸಿದ ಗಂಜಿಯನ್ನು ಎರಡೂ ಕೈಯಲ್ಲಿ ಹಿಡಿದು ಓಣಿ ದಾಟಿ ಬರುತ್ತಿದ್ದರು. ಮೊದಲ ಪಾತ್ರೆಯ ಗಂಜಿ ಕುಡಿಯುವುದಕ್ಕೆ, ಉಡುವ ಬಿಳಿ ಮುಂಡು ಗರಿಗರಿಯಾಗಲು ಹಾಕುವುದಕ್ಕೆ ಆಗುತ್ತಿತ್ತು. ಎರಡನೆಯದು ಯಾರಿಗೂ ಬೇಡ. ಅಂಗಳದಲ್ಲಿ ಚೆಲ್ಲಿದರೆ ಹುಳಿತು ನಾರುತ್ತದೆ, ಉಣ್ಣುವವರಿಗೆ ಹೇಸಿಗೆ. ಹಾಗಾಗಿ ಮಿಲ್ಲಿನ ಗೋಡೆಯ ಬುಡದ ಕಾಲುವೆಗೆ ಸುರಿಯುತ್ತಿದ್ದರು. ಬೆಂಚಿನ ಮೇಲಿದ್ದವರು ಕಾಲು ಮೇಲೆತ್ತಿ ಕೂರುತ್ತಿದ್ದೆವು. ಬಿಳಿ ನೀರು ನಮ್ಮ ಕೆಳಗೆ ಹಾದು, ಗೋಡೆಯುದ್ದಕ್ಕೂ ಹರಿದು, ಓಣಿಯ ಕೊನೆಯ ದೊಡ್ಡ ಚರಂಡಿ ಸೇರುತ್ತಿತ್ತು. ಚರಂಡಿಯ ಬಾಯಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

ಮಿಲ್ಲು ಮಾರಾಟವಾಯಿತು. ಗೋಡೆಯ ಮೇಲಿನಿಂದ ಇಣುಕುವ ಹಾಗೆ ದೊಡ್ಡ ಚಿತ್ರವೊಂದು ಬಂತು. ಕೆಳಗೆ ಅಂಗಡಿಗಳು, ನಡುವೆ ಆಫೀಸುಗಳು, ಮೇಲೆ ಮನೆಗಳು, ಎಲ್ಲವೂ ಒಂದೇ ಕಟ್ಟಡದಲ್ಲಿ. ಚಿತ್ರದಲ್ಲಿ ಬೆಳ್ಳಗಿನ ಜನ ನಾಯಿ ಹಿಡಿದು ನಡೆಯುತ್ತಿದ್ದರು. ನಮ್ಮ ಓಣಿಯಲ್ಲಿ ಊಟದ ಹೊತ್ತಿಗೆ ಮಾತೆಲ್ಲ ಅದರದೇ ಆಯಿತು. ಓಣಿಯ ತಲೆಯಲ್ಲಿದ್ದ ಸ್ಟ್ಯಾಂಡಿನ ಆಟೋದವರು, ಅಲ್ಲಿಗೆ ಬರುವವರಿಗೆಲ್ಲ ಕಾರಿರುತ್ತದೆ, ನಮಗೇನು ಬಂತು ಎಂದರು. ಮೀನು ಮಾರಲು ಬರುತ್ತಿದ್ದ ಹೆಂಗಸು, ಮೇಲಿನ ಮನೆಯವರು ಮೀನು ತಿನ್ನುತ್ತಾರೋ ಇಲ್ಲವೋ, ತಿಂದರೂ ವಾಚ್‌ಮನ್ ತನ್ನನ್ನು ಒಳಗೆ ಬಿಡುತ್ತಾನೋ ಇಲ್ಲವೋ ಎಂದು ಚಿಂತಿಸಿದಳು. ಓಣಿಯ ನಿವಾಸಿಗಳ ಸಂಘಕ್ಕೆ ಒಬ್ಬ ಸೆಕ್ರೆಟರಿ ಸಾರ್ ಇದ್ದರು, ನಿವೃತ್ತ ಬ್ಯಾಂಕ್ ಅಧಿಕಾರಿ. ಅವರು ಬಹಳ ಸಂತೋಷದಲ್ಲಿದ್ದರು. ನಮ್ಮ ಜಾಗಗಳ ಬೆಲೆ ಏರುತ್ತದೆ, ಓಣಿಗೆ ದೀಪ ಬರುತ್ತದೆ ಎನ್ನುತ್ತಿದ್ದರು. ನಾವು ಆಫೀಸಿನ ಹುಡುಗಿಯರು ಕಾಫಿ ಅಂಗಡಿಯೊಂದು ಬಂದರೆ ಸಾಕು ಎನ್ನುತ್ತಿದ್ದೆವು. ಹಾಗೆನ್ನುವಾಗ ಚೇಚಿಯ ಮುಖ ನೋಡುತ್ತಿರಲಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ಹೋಟೆಲುಗಳು ಬಂದ ಮೇಲೆ ಈ ಜಗಲಿಗೆ ಯಾರು ಬರುತ್ತಾರೆ ಎಂದು ನಮಗೆ ಒಳಗೊಳಗೇ ಅನ್ನಿಸಿತ್ತು.

ಚೇಚಿಗೆ ಮಾತ್ರ ಅಂಥ ಭಯವೇ ಇರಲಿಲ್ಲ. “ಬರಲಿ ಬಿಡು ಮೋಳೇ. ಬರೋರಿಗೆಲ್ಲ ಹೊಟ್ಟೆ ಇರುತ್ತಲ್ಲ?” ಎಂದರು.

ಅಗೆಯುವ ಕೆಲಸ ಶುರುವಾಯಿತು. ಕಾರು ನಿಲ್ಲಿಸಲು ನೆಲದಡಿಯಲ್ಲಿ ಜಾಗ ಬೇಕಂತೆ. ಹಗಲೆಲ್ಲ ಓಣಿ ನಡುಗುತ್ತಿತ್ತು. ಕಂಬಿ ಇಳಿಸುವ ಯಂತ್ರ ಬಡಿದಾಗಲೆಲ್ಲ ಎಲೆಯ ಮೇಲಿನ ಮಜ್ಜಿಗೆಹುಳಿಯಲ್ಲಿ ಸಣ್ಣ ಅಲೆಗಳು ಏಳುತ್ತಿದ್ದವು. ಮನೆಯ ಬಾವಿಯಲ್ಲಿ ನೀರು ಕೆಳಗಿಳಿಯಿತು, ಹಗ್ಗಕ್ಕೆ ಚೇಚಿ ಇನ್ನೊಂದು ತುಂಡು ಗಂಟುಹಾಕಿದರು. ಬೈಯುತ್ತಲೇ ಅಲ್ಲಿಯ ಕೆಲಸಗಾರರಿಗೆ ಊಟ ಕಟ್ಟಿಕೊಡುತ್ತಿದ್ದರು. ಕಟ್ಟಡದವರ ಕಡೆಯಿಂದ ಕೆಲಸ ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕನೂ ಅವರ ಜಗಲಿಯಲ್ಲೇ ಉಣ್ಣುತ್ತಿದ್ದ. ಮೆತ್ತನೆ ಮಾತಿನ, ನನ್ನ ವಯಸ್ಸಿನವನು.

ಒಂದು ಮಧ್ಯಾಹ್ನ ನಾನು ತಡವಾಗಿ ಹೋಗಿದ್ದೆ. ಬೆಂಚಿನ ಮೇಲೆ ನಾನೊಬ್ಬಳೇ. ಚೇಚಿ ಗಂಜಿ ತಂದು ಸುರಿದರು. ನಾನು ಕಾಲೆತ್ತಿದೆ. ನೀರು ಬಂತು, ಬೆಂಚಿನ ಕೆಳಗೆ ಸುತ್ತಿತು, ಮುಂದೆ ಹೋಗಲಿಲ್ಲ. ಗೋಡೆಯ ಬುಡದಲ್ಲಿ, ಮರದ ಬೇರಿನ ಪಕ್ಕ, ಒಂದು ಬಾಯಿ ಇತ್ತು. ಕೈಮುಷ್ಟಿ ಹಿಡಿಯುವಷ್ಟು. ನೀರೆಲ್ಲ ಅದರೊಳಗೆ ಗುಳುಗುಳು ಎಂದು ಇಳಿದುಹೋಯಿತು.

ಚೇಚಿ ಪಾತ್ರೆ ಹಿಡಿದು ಬಗ್ಗಿ ನೋಡಿದರು. ಅವರ ಮುಖದಲ್ಲಿ ಕಂಡದ್ದು ಭಯವಲ್ಲ, ನಾಚಿಕೆ. “ಹೆಗ್ಗಣ” ಎಂದರು, ಧ್ವನಿ ತಗ್ಗಿಸಿ. ಅಗೆತಕ್ಕೆ ಮಿಲ್ಲಿನೊಳಗಿನ ಹೆಗ್ಗಣಗಳೆಲ್ಲ ಹೊರಗೆ ಬಂದಿವೆ, ಇಲ್ಲಿ ಬಿಲ ತೋಡಿವೆ ಎಂಬುದು ಅವರ ಲೆಕ್ಕ. ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ಊಟದ ಜಾಗದಲ್ಲಿ ಹೆಗ್ಗಣ ಎಂದು ಒಬ್ಬರಿಗೆ ಗೊತ್ತಾದರೂ ಮಾರನೆಯ ದಿನದಿಂದ ಜಗಲಿ ಖಾಲಿ. ಸಂಜೆ ಆ ಬಾಯಿಗೆ ಒಡೆದ ಹಂಚು, ಗಾಜಿನ ಚೂರು, ಮೆಣಸಿನ ತೊಟ್ಟು ತುರುಕಿದರಂತೆ. ಮರುದಿನವೂ ಗಂಜಿ ಒಳಗೇ ಹೋಯಿತು. “ಎಷ್ಟು ಕುಡಿಯುತ್ತೋ ನೋಡು, ಬಾಣಂತಿ ಹೆಗ್ಗಣವೇ ಇರಬೇಕು” ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕರು.

ನಕ್ಕರೂ ಅವರಿಗೆ ಸಮಾಧಾನವಿರಲಿಲ್ಲ. ಅದರ ಮಾರನೆಯ ದಿನ ನಾವು ಊಟಕ್ಕೆ ಹೋದಾಗ ಬೆಂಚು ಗೋಡೆಯ ಪಕ್ಕ ಇರಲಿಲ್ಲ. ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿಗೂ ಅಡುಗೆಮನೆಯ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಇಟ್ಟಿದ್ದರು. ಅಲ್ಲಿ ಗಾಳಿಯಿಲ್ಲ, ಒಲೆಯ ಹೊಗೆ ಕಣ್ಣಿಗೆ ಬರುತ್ತದೆ. ಎಲ್ಲರೂ ಗೊಣಗಿದರು. ಆಚೆಯೇ ನಿಂತು ಉಣ್ಣುತ್ತೇವೆ ಎಂದವರ ಕೈಯಿಂದ ಚೇಚಿ ಎಲೆ ಕಿತ್ತುಕೊಂಡು ಒಳಗೆ ನಡೆದರು.

“ಎಂತ ಚೇಚಿ, ಹೀಗೆ ಕೂಡಿಹಾಕ್ಲಿಕ್ಕೆ ನಾವೆಂತ ಕೋಳಿಗಳಾ?” ಎಂದಳು ಕಾಸರಗೋಡಿನ ಗೆಳತಿ.

“ಕೋಳಿಗಳಾಗಿದ್ರೆ ಇಷ್ಟು ಪ್ರಶ್ನೆ ಕೇಳ್ತಿರಲಿಲ್ಲ.”

ನನಗೆ ಕಾರಣ ಗೊತ್ತಿತ್ತು. ಹೊಗೆಗೆ ಮುಖ ತಿರುಗಿಸಿ ಉಂಡೆ.

ಮಳೆ ಹಿಡಿದಿತ್ತು. ಎಷ್ಟು ದಿನದ ಮಳೆ ಎಂದು ಈಗ ಹೇಳಲಾರೆ, ಬಟ್ಟೆಗಳೆಲ್ಲ ಮುಗ್ಗಲು ವಾಸನೆ ಬರುವಷ್ಟು. ಒಂದು ಮಧ್ಯಾಹ್ನ ಮಳೆ ನಿಂತು ಬಿಸಿಲು ಬಂತು. ನಾವು ಹಿಂದಿನ ಇಕ್ಕಟ್ಟಿನಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಉಣ್ಣುತ್ತಿದ್ದೆವು. ಮೊದಲು ಬಂದದ್ದು ದೊಡ್ಡ ಸದ್ದಲ್ಲ. ಬಟ್ಟೆ ಹರಿದ ಹಾಗೆ ಒಂದು ಸದ್ದು. ಅಡುಗೆಮನೆಯ ಬಾಗಿಲಿನಿಂದ ಮುಂಬಾಗಿಲು, ಅದರಾಚೆ ಓಣಿ, ಅದರಾಚೆ ಬಾದಾಮಿ ಮರ ಒಂದೇ ಗೆರೆಯಲ್ಲಿ ಕಾಣುತ್ತಿತ್ತು. ಮರ ಯಾರಿಗೋ ತಲೆ ಬಾಗಿಸಿದಂತೆ ಆಚೆಗೆ ವಾಲಿತು. ವಾಲಿದ್ದು ಮತ್ತೆ ಮೇಲೇಳಲಿಲ್ಲ. ಆಮೇಲೆ ಗೋಡೆ ಇರಲಿಲ್ಲ. ಗೋಡೆ ಇದ್ದ ಕಡೆ ಆಕಾಶವಿತ್ತು. ಅದಾದ ಮೇಲೆ ಸದ್ದು ಬಂತು, ಹೊಟ್ಟೆಯೊಳಗೆ.

ಯಾರೂ ಸಾಯಲಿಲ್ಲ. ಕೆಳಗಿನ ಕೆಲಸಗಾರರು ಊಟಕ್ಕೆ ಮೇಲೆ ಬಂದಿದ್ದರು. ಗೋಡೆ, ಮರ, ಓಣಿಯ ಅರ್ಧ, ಯಾರದೋ ಸ್ಕೂಟರು ಗುಂಡಿಯೊಳಗಿದ್ದವು. ನಮ್ಮ ಬೆಂಚಿದ್ದ ಜಾಗ ಎಲ್ಲಿ ಎಂದು ನಾನು ಹುಡುಕಿದೆ. ಆ ಜಾಗ ಇರಲಿಲ್ಲ. ನನ್ನ ಕೈಯಲ್ಲಿ ಇನ್ನೂ ಕಲಸಿದ ಅನ್ನವಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಚೇಚಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆದರು...

ಅಂದು ಸಂಜೆಯ ಹೊತ್ತಿಗೆ ಓಣಿ ತೀರ್ಮಾನಿಸಿಬಿಟ್ಟಿತ್ತು: ಚೇಚಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಬೆಂಚು ಎತ್ತಿದರು. ಆಟೋದವರು ಬಂದು ಕೈಮುಗಿದರು. ಟೀವಿಯವರು ಬಂದರು. ಕೆಲವು ಹೆಂಗಸರು ಅವರಿಗೆ ದೇವಿಯ ಸೂಚನೆ ಸಿಕ್ಕಿರಬೇಕು ಎಂದರು. ಚೇಚಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೆಕ್ರೆಟರಿ ಸಾರ್ ಈಗ ಕಟ್ಟಡದ ಕಡು ವಿರೋಧಿ. ಅವರ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ, ಅವರ ಮನೆಯ ಗೋಡೆಯೂ ಬಿರಿದಿತ್ತು. ಪಾಲಿಕೆಯ ಎಂಜಿನಿಯರ್ ವಿಚಾರಣೆಗೆ ಬರುವವರಿದ್ದರು. ಅದಕ್ಕೆ ಮೊದಲು ಸಾರ್ ಚೇಚಿಯ ಜಗಲಿಯಲ್ಲಿ ಕೂತು ವಿವರಿಸಿದರು. ಬಿರುಕು ನೋಡಿದೆ, ಕಟ್ಟಡದವರಿಗೆ ಹೇಳಿದೆ, ಅವರು ಕೇಳಲಿಲ್ಲ ಎಂದು ಹೇಳಿದರೆ ಸಾಕು. ಕೆಲಸ ನಿಲ್ಲುತ್ತದೆ, ಎಲ್ಲರಿಗೂ ಪರಿಹಾರ ಸಿಗುತ್ತದೆ. ಹೆಗ್ಗಣದ ಮಾತು, ಗಂಜಿಯ ಮಾತು ಎತ್ತಲೇಬಾರದು. ಅಷ್ಟು ಹೊತ್ತಿಗೆ ಚೇಚಿ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದರು.

ಮೇಲ್ವಿಚಾರಕನೂ ಬಂದ. ಹೇಗೋ ಅವನ ಕಿವಿಗೂ ಗಂಜಿಯ ಸುದ್ದಿ ಬಿದ್ದಿತ್ತು. ಎಷ್ಟೋ ವರ್ಷ ಗೋಡೆಯ ಬುಡಕ್ಕೆ ನೀರು ಸುರಿದರೆ ಮಣ್ಣು ಸಡಿಲವಾಗುತ್ತದೆ ಎಂದು ಯಾರಾದರೂ ಹೇಳಬಹುದು, ಓಣಿಗೆ ನೀರು ಬಿಡುವ ಅಡುಗೆಮನೆಗೆ ಅನುಮತಿ ಇದೆಯೇ ಎಂದೂ ಕೇಳಬಹುದು ಎಂದ. ಉಂಡ ಎಲೆ ಮಡಚುತ್ತಾ, ತನ್ನ ಎಂದಿನ ಮೆತ್ತನೆಯ ಧ್ವನಿಯಲ್ಲಿ, “ಚೇಚಿ, ನೀವು ಏನೂ ನೋಡಿಲ್ಲ ಅಂದ್ರೆ ನಮಗೂ ಏನೂ ನೆನಪಿರೋದಿಲ್ಲ” ಎಂದ.

ಆ ಅಡುಗೆಮನೆ ಮುಚ್ಚಿದರೆ ಆ ಮನೆಗೆ ಬೇರೆ ಏನೂ ಇರಲಿಲ್ಲ. ಗಂಡನ ಔಷಧಿ, ಮದುವೆಯಾಗಿ ದೂರವಿದ್ದ ಮಗಳ ಹೆರಿಗೆ, ಎಲ್ಲವೂ ಆ ಒಲೆಯ ಮೇಲೆಯೇ ಇದ್ದವು. ಬಾಯಿ ಮುಚ್ಚಿಕೊಂಡರೆ ಒಲೆ ಉಳಿಯುತ್ತಿತ್ತು. ಸಾರ್ ಹೇಳಿದಂತೆ ಹೇಳಿದರೆ ಓಣಿ ಅವರನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿತ್ತು.

ನನ್ನನ್ನೂ ಸಾಕ್ಷಿಗೆ ಕರೆದಿದ್ದರು. ಊರಿನಿಂದ ಅಮ್ಮ ಫೋನಿನಲ್ಲಿ, ಕಂಡೋರ ಊರಲ್ಲಿ ಸಾಕ್ಷಿ ಗೀಕ್ಷಿ ಅಂತ ಹೋಗ್ಬೇಡ ಕಣೆ ಎಂದಿದ್ದಳು. ವಿಚಾರಣೆಯ ದಿನ ಬೆಳಗ್ಗೆ ಚೇಚಿಯ ಅಡುಗೆಮನೆಗೆ ಹೋದೆ. ಎಲೆ ಬಾಡಿಸುತ್ತಿದ್ದರು. ನೀನು ಏನು ಹೇಳುತ್ತೀ ಎಂದು ಕೇಳಿದರು. ನೀವು ಹೇಳಿದ್ದನ್ನೇ ಹೇಳುತ್ತೇನೆ ಎಂದೆ. ನಿಷ್ಠೆ ತೋರಿಸಿದೆ ಎಂದುಕೊಂಡಿದ್ದೆ.

ಚೇಚಿ ಎಲೆಯನ್ನು ಉರಿಯಿಂದ ಈಚೆಗೆ ತೆಗೆದರು. “ನಾನು ಹೇಳಿದ್ದಲ್ಲ ಮೋಳೇ. ನೀನು ನೋಡಿದ್ದು.”

ಕುಸಿದ ಅಂಚಿಗೆ ಹಗ್ಗ ಕಟ್ಟಿ, ಈಚೆಗೆ ತಾಡಪಾಲು ಎಳೆದು, ಅದರಡಿಯಲ್ಲಿ ಎಂಜಿನಿಯರ್ ಕೂತಿದ್ದರು. ಓಣಿಯೆಲ್ಲ ಸೇರಿತ್ತು. ಚೇಚಿ ಗಂಜಿ ಹಾಕಿದ ಮುಂಡು ಉಟ್ಟು ಬಂದಿದ್ದರು. ಮೊದಲಿನಿಂದ ಹೇಳಿದರು. ತಾನು ಎಷ್ಟೋ ವರ್ಷಗಳಿಂದ ಆ ಕಾಲುವೆಗೆ ಗಂಜಿ ಸುರಿಯುತ್ತಿದ್ದುದು, ಅದು ಚರಂಡಿಗೆ ಹೋಗುತ್ತಿದ್ದುದು, ಒಂದು ದಿನ ಹೋಗದೆ ನಿಂತದ್ದು, ಬಾಯಿ ಕಂಡದ್ದು, ಹೆಗ್ಗಣ ಎಂದು ಹಂಚು ತುರುಕಿದ್ದು, ಅದಾದ ಮೇಲೂ ಸುರಿದದ್ದು. ಯಾವುದನ್ನೂ ಬಿಡಲಿಲ್ಲ. ಹೆಗ್ಗಣ ಎಂದಾಗ ಜನ ನಕ್ಕರು. ಸೆಕ್ರೆಟರಿ ಸಾರ್ ಹಣೆಗೆ ಕೈ ಕೊಟ್ಟುಕೊಂಡರು. ಮೇಲ್ವಿಚಾರಕ ನೆಲ ನೋಡುತ್ತಿದ್ದ.

ಬೆಂಚು ಎತ್ತಿದ್ದು ಅಪಾಯ ತಿಳಿದು ಅಲ್ಲವೇ ಎಂದು ಎಂಜಿನಿಯರ್ ಕೇಳಿದರು.

“ಹೆಗ್ಗಣ ಅಂದ್ಕೊಂಡೆ ಸಾರ್. ನೆಲ ಬಿರಿದಿದೆ ಅಂತ ಗೊತ್ತಿದ್ದಿದ್ರೆ ಬೆಂಚನ್ನಲ್ಲ, ಇಡೀ ಓಣಿಯನ್ನೇ ಎಬ್ಬಿಸ್ತಿದ್ದೆ.”

ಆಗ ಯಾರೂ ನಗಲಿಲ್ಲ. ನೀರು ಚರಂಡಿಗೆ ಹೋಗುವುದು ನಿಂತದ್ದು ಯಾವಾಗ ಎಂದು ಎಂಜಿನಿಯರ್ ಕೇಳಿದರು. ಚೇಚಿಗೆ ತಾರೀಖು ಗೊತ್ತಿರಲಿಲ್ಲ. ಅಗೆಯುವ ಹಳದಿ ಯಂತ್ರ ತನ್ನ ಕಿಟಕಿಗೆ ಕಾಣದಷ್ಟು ಕೆಳಗೆ ಇಳಿದ ಮೇಲೆ ಎಂದರು. ಹಾಗಾದರೆ ಓಣಿಯ ಅಡಿಯ ಮಣ್ಣು ಜಾರತೊಡಗಿದ್ದು ಅಗೆತದಿಂದಲೇ ಎಂದು ಎಂಜಿನಿಯರ್ ಬರೆದುಕೊಂಡರು. ನನ್ನ ಸರದಿ ಬಂದಾಗ ನಾನು ನೋಡಿದ್ದನ್ನು ಹೇಳಿದೆ: ಕೈಮುಷ್ಟಿಯಷ್ಟು ಬಾಯಿ, ಬೇರಿನ ಪಕ್ಕ, ಒಳಗೆ ಇಳಿದ ಬಿಳಿ ನೀರು. ಮಲಯಾಳಂ ತೊದಲಿದಾಗ ಗೆಳತಿ ಜೋಡಿಸಿಕೊಟ್ಟಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ನನ್ನನ್ನೂ ಕೇಳಿದರು. ನಾನೂ ಹೆಗ್ಗಣವೆಂದೇ ನಂಬಿದ್ದೆ ಎಂದೆ. ಅದು ನಿಜವಾಗಿತ್ತು.

ಓಣಿ ಬಯಸಿದ್ದು ಪೂರ್ತಿ ಸಿಗಲಿಲ್ಲ, ಕಟ್ಟಡದವರು ಬಯಸಿದ್ದೂ ಸಿಗಲಿಲ್ಲ. ಕೆಲಸ ನಿಂತಿತು. ಮೊದಲು ಗಟ್ಟಿ ತಡೆಗೋಡೆ ಕಟ್ಟಿ, ಓಣಿಯನ್ನು ಸರಿಮಾಡಿ, ಆಮೇಲೆ ಮುಂದುವರಿಯಬೇಕು ಎಂದಾಯಿತು. ಬಿರಿದ ಮನೆಗಳನ್ನೂ ಅವರೇ ರಿಪೇರಿ ಮಾಡಿಸಬೇಕು. ಜೊತೆಗೆ ಚೇಚಿಯ ಅಡುಗೆಮನೆ ಓಣಿಗೆ ನೀರು ಬಿಡಬಾರದು, ಸರಿಯಾದ ಕೊಳವೆ ಹಾಕುವವರೆಗೆ ಊಟ ಮಾರಬಾರದು ಎಂದೂ ಆಯಿತು. ‘ಊಣ್ ರೆಡಿ’ ಬೋರ್ಡನ್ನು ಅವರ ಗಂಡ ಬಿಚ್ಚಿ ಒಳಗಿಟ್ಟರು.

“ನಿಮ್ಮ ಹೆಗ್ಗಣ ನಮ್ಮ ಅರ್ಧ ಕೇಸನ್ನು ತಿಂದುಹಾಕ್ತು” ಎಂದರು ಸೆಕ್ರೆಟರಿ ಸಾರ್, ಓಣಿಯಲ್ಲಿ ಎಲ್ಲರೆದುರು.

“ಬರೀ ಗಂಜಿ ಕುಡಿದು ಅದಕ್ಕೂ ಬೇಜಾರಾಗಿತ್ತೇನೋ ಸಾರ್.”

ಸಾರ್ ನಗದಿರಲು ಬಹಳ ಪ್ರಯತ್ನಪಟ್ಟರು. ಮುಂದೆ ಪಾಲಿಕೆಗೆ ಅಲೆದು ಚೇಚಿಯ ಕೊಳವೆಗೆ ಅನುಮತಿ ತಂದುಕೊಟ್ಟವರು ಅವರೇ. ಅಗೆದು ಕೊಳವೆ ಹೂಳಿದವರು ಕಟ್ಟಡದವರ ಆಳುಗಳು. ಮೇಲ್ವಿಚಾರಕ ಪಕ್ಕದಲ್ಲಿ ನಿಂತು ಮಾಡಿಸಿದ. ಹೇಗೆ ಹಾಗಾಯಿತು ಎಂದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ...

ಆ ಮಳೆಗಾಲ ನನಗೆ ಕೆಟ್ಟದಾಗಿತ್ತು. ಗೋಡೆಯ ಪಕ್ಕ ಕೂರಲು ಆಗುತ್ತಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಕಾಗದ ಹರಿದರೆ ಎದ್ದು ನಿಲ್ಲುತ್ತಿದ್ದೆ. ಅನ್ನ ಕಲಸಿದರೆ ಬಾಯಿಗೆ ಹೋಗುತ್ತಿರಲಿಲ್ಲ. ಊರಿಗೆ ಹೊರಟುಬಿಡೋಣ ಎಂದುಕೊಂಡಿದ್ದೆ. ಮಾರುವುದು ನಿಂತಿದ್ದರೂ ಚೇಚಿ ಮಧ್ಯಾಹ್ನವಾದರೆ ಹಿಂದಿನ ಬಾಗಿಲಿನಿಂದ ನನ್ನನ್ನು ಕರೆಯುತ್ತಿದ್ದರು. ಒಂದು ಲೋಟ ಬಿಸಿ ಗಂಜಿ, ಉಪ್ಪು, ಸ್ವಲ್ಪ ಹಸಿಮೆಣಸು ಜಜ್ಜಿದ್ದು. ಕಲಸುವುದೇ ಬೇಡ, ಕುಡಿ ಎನ್ನುತ್ತಿದ್ದರು. ಕುಡಿಯುವವರೆಗೆ ಎದುರು ಕೂರುತ್ತಿದ್ದರು. ಎಷ್ಟೋ ದಿನಗಳ ನಂತರ ಒಂದು ಮಧ್ಯಾಹ್ನ, ಲೋಟದ ತಳದಲ್ಲಿ ಅನ್ನದ ಅಗುಳುಗಳಿದ್ದವು. ಮರುದಿನ ಇನ್ನಷ್ಟು. ಹೀಗೆ ಅವರು ನನ್ನನ್ನು ಮತ್ತೆ ಊಟಕ್ಕೆ ತಂದರು. ಆ ದಿನಗಳಲ್ಲಿ ಅವರಿಗೆ ಒಂದು ಕಾಸಿನ ವ್ಯಾಪಾರವಿರಲಿಲ್ಲ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಕೊಳವೆ ಆದ ಮೇಲೆ ಚೇಚಿಯ ಬೋರ್ಡು ಮತ್ತೆ ಗೇಟಿಗೆ ಬಂತು. ಕಟ್ಟಡವೂ ಎದ್ದಿತು. ಓಣಿ ಅದಕ್ಕೆ ಒಗ್ಗಿಕೊಂಡಿತು. ಆಟೋದವರಿಗೆ ಅಲ್ಲಿ ಮನೆಗೆಲಸಕ್ಕೆ ಬರುವವರ, ಅಂಗಡಿಯಲ್ಲಿ ನಿಲ್ಲುವವರ ಬಾಡಿಗೆ ಸಿಗತೊಡಗಿತು. ಮೀನಿನ ಹೆಂಗಸನ್ನು ವಾಚ್‌ಮನ್ ಒಳಗೆ ಬಿಡಲಿಲ್ಲ, ಮೇಲಿನ ಮನೆಯವರೇ ಗೇಟಿಗೆ ಇಳಿದು ಬಂದರು. ಸೆಕ್ರೆಟರಿ ಸಾರ್ ಕೆಳಗಿನ ಲ್ಯಾಬಿನಲ್ಲಿ ತಿಂಗಳಿಗೊಮ್ಮೆ ಸಕ್ಕರೆ ನೋಡಿಸಿಕೊಂಡು, ಅಲ್ಲೇ ಎಸಿಯಲ್ಲಿ ಕೂತು ಪೇಪರ್ ಓದಿ ಬರುತ್ತಿದ್ದರು. ಕೆಲವರು ಮಾತ್ರ ಒಗ್ಗಲಿಲ್ಲ. ಬಾವಿಯ ನೀರು ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ.

ಚೇಚಿಯನ್ನು ಒಮ್ಮೆ ನಾನೇ ಕರೆದುಕೊಂಡು ಹೋದೆ. ಓಡುವ ಮೆಟ್ಟಿಲನ್ನು ಹತ್ತಲು ಒಪ್ಪಲಿಲ್ಲ, ಲಿಫ್ಟಿನಲ್ಲಿ ಹೋದೆವು. ನಾನು ಬಯಸಿದ್ದ ಕಾಫಿ ಅಂಗಡಿ ಬಂದಿತ್ತು. ಕಾಫಿಯನ್ನು ಮೂಸಿ, ಇದಕ್ಕೆ ಇಷ್ಟಾ ಎಂದು ನನ್ನನ್ನು ಕನಿಕರದಿಂದ ನೋಡಿದರು. ಆಮೇಲೆ ಗಾಜಿನ ಹತ್ತಿರ ಹೋಗಿ ಕೆಳಗೆ ನೋಡುತ್ತಾ ನಿಂತರು. ಅವರ ಹಂಚಿನ ಮನೆ ಅಂಗೈಯಷ್ಟು ಕಾಣುತ್ತಿತ್ತು. ಅಡುಗೆಮನೆಯ ಮೇಲೆ ಹೊಗೆ. ಅವರಿಗೆ ದುಃಖವಾಗಿದೆ ಎಂದುಕೊಂಡೆ.

“ಹೊಗೆ ಕಪ್ಪಗಿದೆ” ಎಂದರು. “ಈ ಮನುಷ್ಯ ಸಾಂಬಾರು ತಳ ಹಿಡಿಸಿದ.”

ಅರ್ಧ ಕಾಫಿ ಬಿಟ್ಟು ಇಳಿದು ಓಡಿದೆವು. ತಳ ಹಿಡಿದಿತ್ತು.

ಅವರು ಹೇಳಿದ್ದಂತೆ ಬಂದವರಿಗೆಲ್ಲ ಹೊಟ್ಟೆ ಇತ್ತು. ಮೇಲಿನ ಆಫೀಸುಗಳ ಹುಡುಗರು ಜಗಲಿಗೆ ಬಂದರು. ಬೆಂಚು ಹಿಂದಿನ ಇಕ್ಕಟ್ಟಿನಲ್ಲೇ ಉಳಿಯಿತು. ಅವರಿಗೆ ಅದು ಅಲ್ಲಿ ಯಾಕಿದೆ ಎಂದು ಗೊತ್ತಿರಲಿಲ್ಲ. ನಾನು ಕೆಲವೊಮ್ಮೆ ಹೇಳುತ್ತಿದ್ದೆ. ನಮ್ಮ ಜೀವ ಉಳಿಸಿದರು ಎಂದು ನಾನು ಹೇಳಿದಾಗಲೆಲ್ಲ ಚೇಚಿ ಒಳಗಿನಿಂದ, ಹೆಗ್ಗಣವನ್ನೂ ಸೇರಿಸು ಎನ್ನುತ್ತಿದ್ದರು.

ಮದುವೆಯಾಗಿ ನಾನು ತಿರುವನಂತಪುರಕ್ಕೆ ಬಂದೆ. ಗಂಡನಿಗೆ ಇಲ್ಲಿ ಕೇಂದ್ರ ಸರ್ಕಾರದ ಕೆಲಸ. ಓಣಂಗೆ ಫೋನು ಮಾಡುತ್ತಿದ್ದೆ. ಒಂದು ವರ್ಷ ಮಾಡಲಾಗಲಿಲ್ಲ, ಮಗಳು ಸಣ್ಣವಳು... ಅದರ ನಂತರದ ಬೇಸಿಗೆಯಲ್ಲಿ ಕಾಸರಗೋಡಿನ ಗೆಳತಿ ಒಂದು ಫೋಟೋ ಕಳಿಸಿದಳು. ಓಣಿಯ ತಲೆಯಲ್ಲಿ, ಆಟೋ ಸ್ಟ್ಯಾಂಡಿನ ಪಕ್ಕ ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸು. ಚೇಚಿಯ ಮುಖ, ಕೆಳಗೆ ಒಂದು ಹೆಸರು. ಆ ಹೆಸರನ್ನು ನಾನು ಮೊದಲ ಸಲ ಓದಿದ್ದು ಹಾಗೆ. ಎರಡು ಮೂರು ಸಲ ಓದಿದರೂ ಅದು ಅವರದು ಅನ್ನಿಸಲಿಲ್ಲ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಗಂಡ ಮಗಳ ಜೊತೆ ಹೊರಟಿದ್ದರು. ಈಗ ಆ ಮನೆಯ ಜಾಗದಲ್ಲಿ ಕಟ್ಟಡದ ಸ್ಕೂಟರುಗಳು ನಿಲ್ಲುತ್ತವೆ. ಕೊಳವೆಯ ಕಬ್ಬಿಣದ ಮುಚ್ಚಳ ಮಾತ್ರ ನೆಲದಲ್ಲಿ ಹಾಗೇ ಇದೆ.

ನಾವೀಗ ಇರುವುದು ಚಾಲೈ ಮಾರುಕಟ್ಟೆಯ ಹಿಂದಿನ ಒಂದು ಬೀದಿಯಲ್ಲಿ. ಇಲ್ಲಿಯ ಹಳೆಯ ಗೋದಾಮೊಂದನ್ನು ಒಡೆದು ಅಂಥದ್ದೇ ಕಟ್ಟಡ ಕಟ್ಟುತ್ತಾರಂತೆ. ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆ. ಬೀದಿಯಲ್ಲಿ ಎರಡು ಪಂಗಡವಾಗಿದೆ. ಭಾನುವಾರ ಸಭೆಯಿದೆ. ನಾನು ಕೊಚ್ಚಿಯಲ್ಲಿ ಇದ್ದದ್ದು ತಿಳಿದು ಎರಡೂ ಕಡೆಯವರು ಬಂದಿದ್ದರು. ಒಬ್ಬರಿಗೆ ಗೋಡೆ ಬಿದ್ದ ಕತೆ ಮಾತ್ರ ಬೇಕು. ಇನ್ನೊಬ್ಬರಿಗೆ, ಕಟ್ಟಿದ ಮೇಲೆ ಎಲ್ಲ ಚೆನ್ನಾಯಿತಲ್ಲ, ಅದನ್ನು ಹೇಳಿ ಎಂದು. ಇಬ್ಬರಿಗೂ ಚಹಾ ಕೊಟ್ಟು ಕಳಿಸಿದೆ. ಹೋಗುತ್ತೇನೆ, ಎದ್ದು ನಿಂತು ಹೇಳುತ್ತೇನೆ. ಗೋಡೆ, ಬಾವಿ, ಲ್ಯಾಬು, ಗೇಟಿಗೆ ಬಂದ ಮೀನು. ಹೆಗ್ಗಣವನ್ನೂ ಹೇಳುತ್ತೇನೆ. ಜನ ನಗುತ್ತಾರೆ. ನಗಲಿ.

“ಎಂದಾ ಅಮ್ಮಾ ನೋಕ್ಕುನ್ನೆ?” ಎಂದು ಮಗಳು ಒಳಗಿನಿಂದ ಕೇಳಿದಳು. ಏನು ನೋಡ್ತಿದ್ದೀಯ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳಂ.

“ಗಂಜಿ ಹೋಗ್ತಿದೆ, ಬಾ, ನೋಡು” ಎಂದೆ. ಬಂದು ಪಕ್ಕದಲ್ಲಿ ನಿಂತಳು. ನೀರು ಕಲ್ಲಿನ ಸಂದಿಯಲ್ಲಿ ತಡೆದು ನಿಂತಿತ್ತು. ನಾನು ಉಸಿರು ಹಿಡಿದಿದ್ದೇನೆ ಎಂದು ಅವಳು ನನ್ನ ಮುಖ ನೋಡಿದ ಮೇಲೆ ಗೊತ್ತಾಯಿತು. ಹಿಂದಿನಿಂದ ಇನ್ನಷ್ಟು ನೀರು ಬಂತು. ಸಂದಿ ತುಂಬಿತು, ಅಂಚು ಮೀರಿತು, ಬಿಳಿ ಗೆರೆ ಮೆಲ್ಲಗೆ ಮುಂದೆ ಹೊರಟಿತು. ಅದು ಚರಂಡಿ ಮುಟ್ಟುವವರೆಗೆ ಇಬ್ಬರೂ ನಿಂತಿದ್ದೆವು.